ನಲವತ್ತಮೂರು ಗಳ

ಓಕಾ ರೇಂಟ್ಸ್ ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಕ್ಯಾಮೆರಾ ಕೊಂಡಳು, ಅದೂ ಗಂಡನ ಮೇಲಿನ ಸಿಟ್ಟಿಗೆ. ಇದನ್ನು ನಂಬದವರು ನಮ್ಮೂರು ಹಿಲ್ಲೆನ್‌ಜೀಲಿನಲ್ಲಿ ಈಗಲೂ ಇದ್ದಾರೆ. ಸಿಟ್ಟು ಬಂದರೆ ಜನ ಬಾಗಿಲು ಬಡಿಯುತ್ತಾರೆ, ತಟ್ಟೆ ಕುಕ್ಕುತ್ತಾರೆ, ಕ್ಯಾಮೆರಾ ಯಾರು ಕೊಳ್ಳುತ್ತಾರೆ ಎಂದು ಕೇಳುತ್ತಾರೆ. ಓಕಾಳನ್ನು ಹತ್ತಿರದಿಂದ ಬಲ್ಲವರು ಕೇಳುವುದಿಲ್ಲ.

ಅವಳ ಗಂಡ ಹಾಬೋ ಗಳ ನೆಡುವವನು. ಜರ್ಮನಿಯ ಉತ್ತರ ತುದಿಯಲ್ಲಿ ಕಟ್ಟೆ ಕಟ್ಟಿಕೊಂಡು ಕೂತ ನಮ್ಮ ಊರಿನ ಕಡಲು ದಿನಕ್ಕೆರಡು ಸಲ ಎದ್ದು ಹೊರಟುಹೋಗುತ್ತದೆ. ಹೋದ ಮೇಲೆ ಕಣ್ಣಳತೆಯ ತನಕ ಕೆಸರು. ಆ ಕೆಸರಿನ ನಡುವೆ ದೋಣಿಗಳಿಗೆ ಇರುವುದು ಒಂದೇ ಆಳದ ದಾರಿ, ಅದೂ ನೆಟ್ಟಗಿಲ್ಲ. ನೀರು ತುಂಬಿದಾಗ ಆ ದಾರಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ದಾರಿಯ ಒಂದು ಅಂಚಿಗೆ ಉದ್ದಕ್ಕೂ ಬರ್ಚ್ ಮರದ ಗಳಗಳನ್ನು, ತುದಿಯ ರೆಂಬೆಗಳನ್ನು ಹಾಗೇ ಬಿಟ್ಟು, ಕೆಸರಿನಲ್ಲಿ ನೆಡುತ್ತಾರೆ. ಚಳಿಗಾಲದ ಮಂಜುಗಡ್ಡೆ ಅವನ್ನು ಮುರಿದು ಒಯ್ಯುತ್ತದೆ. ಮಾರ್ಚಿ ಬಂದರೆ ಮತ್ತೆ ಮೊದಲಿಂದ. ಹಾಬೋ ಮೂವತ್ತೊಂದು ಮಾರ್ಚಿ ಇದನ್ನೇ ಮಾಡಿದ. ಕಾಡಿನಿಂದ ಗಳ ಬಂದಾಗ ಅಡಿಯ ಕೊಂಬೆ ಸವರುವುದು, ಅಳತೆಗೆ ಕತ್ತರಿಸಿ ಹೊರೆ ಕಟ್ಟುವುದು ಓಕಾಳ ಕೆಲಸ. ಅದಕ್ಕೆ ಅವಳಿಗೆ ಯಾರೂ ಸಂಬಳ ಕೊಟ್ಟಿರಲಿಲ್ಲ, ಅವಳು ಕೇಳಿಯೂ ಇರಲಿಲ್ಲ.

ಒಂದು ಬೆಳಿಗ್ಗೆ ಹಾಬೋ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಹೇಳಿದ, "ಈ ವರ್ಷಾನೇ ಕೊನೆ. ಬೆನ್ನು ಮಾತು ಕೇಳ್ತಿಲ್ಲ. ಮುಂದಿನ ವರ್ಷದಿಂದ ಹೊರಗಿನ ಕಂಪನಿಯೋರು ಬಂದು ಪ್ಲಾಸ್ಟಿಕ್ ಕಂಬ ನೆಡ್ತಾರಂತೆ."

"ಯಾವಾಗ ಗೊತ್ತಾಯ್ತು ನಿಂಗೆ?"

"ಕ್ರಿಸ್‌ಮಸ್ ಹೊತ್ತಿಗೆ."

"ಈಗ ಹೇಳ್ತಿದ್ದೀಯ!"

"ನೀ ಕೇಳ್ಲಿಲ್ಲ."

ಓಕಾ ಚಾಕು ಕೆಳಗಿಟ್ಟಳು. "ಮೂವತ್ತೊಂದು ವರ್ಷ ನೆಟ್ಟಿದ್ದೀಯಲ್ಲ, ಒಂದು ಫೋಟೋ ಆದ್ರೂ ಇದೆಯೇನೋ ನಮ್ಮನೇಲಿ?"

"ಫೋಟೋ ಯಾಕೆ? ಕಟ್ಟೆ ಹತ್ತಿ ನೋಡು, ಅಲ್ಲೇ ಇರುತ್ತೆ."

"ಜನವರೀಲಿ ಮಂಜುಗಡ್ಡೆ ಬಂದು ಒತ್ಕೊಂಡು ಹೋಗುತ್ತಲ್ಲ, ಆಮೇಲೆ ಕಟ್ಟೆ ಹತ್ತಿ ನಿನ್ನ ತಲೆ ನೋಡ್ಲಾ?"

ಹಾಬೋ ಭುಜ ಕುಣಿಸಿ ಬ್ರೆಡ್ಡು ಕಚ್ಚಿದ. ಓಕಾ ಅದೇ ವಾರ ಬಸ್ಸು ಹತ್ತಿ ನೋರ್ಡನ್ ಪೇಟೆಗೆ ಹೋಗಿ, ಯಾರೋ ಬಳಸಿ ಬಿಟ್ಟ ಕ್ಯಾಮೆರಾ ಒಂದನ್ನು ಕುತ್ತಿಗೆಗೆ ಹಾಕಿಕೊಂಡು ಬಂದಳು.

ಏಪ್ರಿಲಿನ ಒಂದು ಮುಂಜಾನೆ ಚಿತ್ರ ಸಿಕ್ಕಿತು. ಕಡಲು ಹಿಂದೆ ಸರಿದಿತ್ತು, ಮಂಜು ಅರ್ಧ ಎದ್ದು ಅರ್ಧ ಕೂತಿತ್ತು. ಹಾಬೋ ನೆಟ್ಟ ಕೊನೆಯ ಸಾಲು ಹತ್ತಿರದಲ್ಲಿ ಕಪ್ಪಗೆ, ದೂರ ಹೋದಂತೆ ಬೂದಿ ಬಣ್ಣಕ್ಕೆ ತಿರುಗುತ್ತ, ಎರಡು ಕಡೆ ಬಳುಕಿ, ಕಣ್ಮರೆಯಾಗುವ ತನಕ ನಿಂತಿತ್ತು. ನಲವತ್ತಮೂರು ಗಳ. ಪ್ರತಿಯೊಂದೂ ಅವಳ ಕೈ ದಾಟಿ ಹೋದದ್ದು. ಕ್ಯಾಮೆರಾದ ಪುಟ್ಟ ಪರದೆಯ ಮೇಲೆ ಎಣಿಸಿದಳು, ನಲವತ್ತಮೂರೂ ಇದ್ದವು. ಆದರೆ ಹೊಸಬಳ ಕೈ, ಚಿತ್ರ ಒಂದು ಕಡೆಗೆ ವಾಲಿತ್ತು, ಕೆಸರು ಹಂಚಿನ ತಳದಂತೆ ಕಪ್ಪಿಟ್ಟಿತ್ತು. ಇದನ್ನು ಸರಿಮಾಡಲು ಕಂಪ್ಯೂಟರಿನಲ್ಲಿ ಏನೋ ಒಂದು ಸಾಫ್ಟ್‌ವೇರ್ ಬೇಕು ಎಂದು ಅಂಗಡಿಯವನು ಹೇಳಿದ್ದ. ಯಾವುದು ಎಂದು ಹೇಳಿರಲಿಲ್ಲ. ಓಕಾ ಊರಿನ ಫೋಟೋ ಕ್ಲಬ್ಬು ಸೇರಿದಳು.

ಕ್ಲಬ್ಬು ಎಂದರೆ ರೇಮ್ಟ್ ಹಾರ್ಮ್ಸ್. ನಲವತ್ತು ವರ್ಷ ಊರ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಅವರನ್ನು ಇಡೀ ಊರು ಮೇಷ್ಟ್ರು ಎನ್ನುತ್ತದೆ. ಕೆಟ್ಟ ಮನುಷ್ಯರಲ್ಲ. ಮಕ್ಕಳ ನೋಟುಬುಕ್ಕಿನಲ್ಲಿ ಅಂಚು ಬಿಟ್ಟು, ಚಿತ್ತಿಲ್ಲದೆ ಬರೆಸಿ ಬರೆಸಿ, ಕೊನೆಗೆ ಕಡಲಿನಲ್ಲೂ ಚಿತ್ತು ಕಾಣತೊಡಗಿದ ಮನುಷ್ಯ, ಅಷ್ಟೇ. ವರ್ಷಕ್ಕೊಮ್ಮೆ, ಸೆಪ್ಟೆಂಬರಿನಲ್ಲಿ, ಬಂದರಿನ ಹಳೆಯ ಬಲೆಮನೆಯಲ್ಲಿ ಕ್ಲಬ್ಬಿನ ಪ್ರದರ್ಶನ. ಹಾಬೋನ ಸಾಲು ಅಲ್ಲಿ ಗೋಡೆಯ ಮೇಲೆ ಇರಬೇಕು, ದಾರಿಯನ್ನು ನಂಬಿ ಮನೆಗೆ ಬಂದ ದೋಣಿಯವರೆಲ್ಲ ಅದನ್ನು ನೋಡಬೇಕು. ಓಕಾಳ ಮನಸ್ಸಿನಲ್ಲಿ ಇದ್ದದ್ದು ಇಷ್ಟೇ, ಇದಕ್ಕಿಂತ ಕಡಿಮೆ ಏನೂ ಅಲ್ಲ.

ಮೊದಲ ಮಂಗಳವಾರವೇ ಅವಳು ಕೇಳಿದಳು. "ಮೇಷ್ಟ್ರೇ, ನಾನು ಹೊಸಬಳು. ಯಾವ ಸಾಫ್ಟ್‌ವೇರ್ ಆರಿಸ್ಕೊಳ್ಳಲಿ?"

"ಆರಿಸ್ಕೊಳ್ಳೋ ಪ್ರಶ್ನೆಯೇ ಇಲ್ಲ ಓಕಾ," ಎಂದರು ಮೇಷ್ಟ್ರು ನಗುತ್ತ. "ಕ್ಲಬ್ಬಿನೋರೆಲ್ಲ ಬಳಸೋದು ಒಂದೇ. ತಿಂಗಳು ತಿಂಗಳು ಬಾಡಿಗೆ ಕಟ್ಟಿದ್ರೆ ಆಯ್ತು. ಅದ್ರಲ್ಲಿ ತಿದ್ದಿದ ಚಿತ್ರ ಮಾತ್ರ ಪ್ರದರ್ಶನಕ್ಕೆ. ನಿಯಮದಲ್ಲೇ ಬರ್ದಿದೀವಿ."

"ಯಾಕೆ ಹಾಗೆ?"

"ಗೋಡೆ ಮೇಲೆ ಎಲ್ಲಾ ಒಂದೇ ಥರ ಚೊಕ್ಕವಾಗಿ ಕಾಣ್ಬೇಕಲ್ಲಮ್ಮ."

ಮೊದಲ ತಿಂಗಳು ಬಾಡಿಗೆ ಇಲ್ಲ ಎಂದಿದ್ದರಿಂದ ಓಕಾ ತಂದು ಹಾಕಿ ನೋಡಿದಳು. ನೋಡಲು ಸೊಗಸು, ಸುಳ್ಳು ಹೇಳಬಾರದು. ವಾಲಿದ್ದ ಚಿತ್ರ ಒಂದು ಗುಂಡಿ ಒತ್ತಿದರೆ ನೆಟ್ಟಗಾಯಿತು. ಇನ್ನೊಂದು ಒತ್ತಿದರೆ ಮಂಜು ಹೋಯಿತು. ಚಳಿಗೆ ಮೈ ಮುದುರಿದ್ದ ಬೆಳಗು ಬೇಸಿಗೆಯ ಮಧ್ಯಾಹ್ನವಾಯಿತು. ಮೂರನೆಯದರ ಮೇಲೆ 'ಚೊಕ್ಕಮಾಡು' ಎಂದು ಬರೆದಿತ್ತು. ಒತ್ತಿದಳು. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಏನೋ ಹೋಯಿತು. ಏನು ಹೋಯಿತೆಂದು ಅವಳಿಗೆ ಚಣಕಾಲ ತಿಳಿಯಲೇ ಇಲ್ಲ. ಆಮೇಲೆ ಎಣಿಸಿದಳು. ಗಳಗಳು ಹದಿನೇಳು ಉಳಿದಿದ್ದವು. ನಂಬಿಕೆ ಬಾರದೆ ಮತ್ತೊಮ್ಮೆ ಒತ್ತಿದಳು. ಈಗ ಒಂದೂ ಇರಲಿಲ್ಲ. ಕೆಸರು ಮಾತ್ರ ಇತ್ತು, ಹಬ್ಬಕ್ಕೆ ಒರೆಸಿದ ನೆಲದ ಹಾಗೆ.

ಅಡುಗೆಮನೆಯಿಂದ ಹಾಬೋ ಓಡಿಬಂದ, ಅವಳು ಅಷ್ಟು ಜೋರಾಗಿ ಕೂಗಿದ್ದಳು.

"ಏನಾಯ್ತು? ಕರೆಂಟು ಹೊಡೀತಾ?"

"ಮೂವತ್ತೊಂದು ವರ್ಷ ನೀ ನೆಟ್ಟಿದ್ದನ್ನ ಎರಡು ಒತ್ತಿಗೆ ಕಿತ್ತು ಬಿಸಾಕ್ತು ನೋಡು!"

ಹಾಬೋ ಪರದೆ ನೋಡಿದ. "ಮಂಜುಗಡ್ಡೆಗಾದ್ರೂ ಮೂರು ತಿಂಗ್ಳು ಬೇಕು," ಎಂದ.

ಮುಂದಿನ ಮಂಗಳವಾರ ಓಕಾ ಅದನ್ನೇ ಕ್ಲಬ್ಬಿನಲ್ಲಿ ಎತ್ತಿದಳು. ಕೇಳದೆ ಹೇಳದೆ ಚಿತ್ರದೊಳಗಿಂದ ವಸ್ತು ತೆಗೆಯುವ ಸಾಮಾನು ತನಗೆ ಬೇಡ ಎಂದಳು. ಬಾಡಿಗೆ ನಿಲ್ಲಿಸಿದ ದಿನ ಅದರಲ್ಲಿ ತಿದ್ದಿದ್ದನ್ನೆಲ್ಲ ಅದು ಬೀಗ ಹಾಕಿ ಇಟ್ಟುಕೊಳ್ಳುತ್ತದಂತೆ, ಚಿತ್ರಗಳನ್ನು ಎಲ್ಲೋ ದೂರದ ಕಂಪ್ಯೂಟರಿಗೆ ಕಳಿಸುತ್ತದಂತೆ, ಅದೂ ಬೇಡ ಎಂದಳು. ಮೇಷ್ಟ್ರು ತಾಳ್ಮೆಯಿಂದ ಕೇಳಿ, "ಆ ಗಳಗಳು ಕಣ್ಣಿಗೆ ಚುಚ್ತಾವೆ ಓಕಾ. ದೃಶ್ಯಕ್ಕೆ ಅಡ್ಡ. ಅದು ಸರಿಯಾಗೇ ತೆಗೆದಿದೆ," ಎಂದರು. ಮತ್ತೆ ಸುತ್ತಲಿನವರ ಕಡೆ ನೋಡಿ, "ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ," ಎಂದು ಸೇರಿಸಿದರು. ಎಲ್ಲರೂ ನಕ್ಕರು.

"ನೆಲ ಡೊಂಕಿದ್ರೆ ಡೊಂಕು ಅಂತಾನೇ ಹೇಳ್ತೀನಿ ಮೇಷ್ಟ್ರೇ," ಎಂದಳು ಓಕಾ. "ಕುಣಿಯೋದು ಕಲಿತ್ಕೊಂಡು ಬರ್ತೀನಿ. ಆದ್ರೆ ನನ್ನ ನೆಲದಲ್ಲಿ."

ಓಕಾ ಮೀನಂಗಡಿಯ ಹಿಂದಿನ ಗೂಡಿನಲ್ಲಿ ಇಪ್ಪತ್ತಾರು ವರ್ಷದಿಂದ ಮೀನಿಗೆ ಹೊಗೆ ಹಾಕುವವಳು. ಅದಕ್ಕೂ ಮೊದಲು, ಎಂಟು ವರ್ಷದ ಹುಡುಗಿಯಾಗಿದ್ದಾಗಲೇ, ತಾಯಿಯ ಅಡುಗೆಮನೆ ಮೇಜಿಗೆ ಕೂತು ಸಿಗಡಿ ಸುಲಿದವಳು. ಒಂದು ತಿರುವು, ಒಂದು ಎಳೆತ, ಸಿಪ್ಪೆ ಈ ಕಡೆ, ತಿರುಳು ಆ ಕಡೆ. ಸಿಪ್ಪೆ ಯಾವುದು, ತಿರುಳು ಯಾವುದು ಎಂದು ಅವಳ ಬೆರಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈಗ ಒಂದು ಯಂತ್ರ ಬಂದು ತಿರುಳನ್ನೇ ಸಿಪ್ಪೆ ಎಂದು ಎಸೆದರೆ ಅವಳು ಕೈಕಟ್ಟಿ ಕೂರುತ್ತಾಳೆಯೇ?

ಚಾಕು ಕೊಳ್ಳುವಾಗ ಓಕಾ ಒಂದೇ ಮೀನನ್ನು ನಾಲ್ಕು ಚಾಕುವಿನಲ್ಲಿ ಸೀಳಿ ನೋಡುತ್ತಾಳೆ. ಅಂಗಡಿಯವನು ಮುಖ ಹುಳ್ಳಗೆ ಮಾಡಿದರೂ ಬಿಡುವುದಿಲ್ಲ. ಸಾಫ್ಟ್‌ವೇರಿಗೂ ಅದೇ ನ್ಯಾಯ. ಅದೇ ಒಂದು ಚಿತ್ರವನ್ನು ಎಲ್ಲದಕ್ಕೂ ಹಾಕಿ ನೋಡಿದಳು. ಮೊಬೈಲಿನದ್ದು ಕೆಸರಿನ ಮೇಲಿನ ಆಕಾಶಕ್ಕೆ ಮದುವಣಗಿತ್ತಿಯ ಕೆನ್ನೆಯ ಬಣ್ಣ ಬಳಿಯಿತು, ಅದನ್ನು ಅಂದೇ ಅಳಿಸಿದಳು. ಇನ್ನೊಂದು, ಒಮ್ಮೆ ಕೊಂಡರೆ ಸಾಕು, ಬಾಡಿಗೆ ಇಲ್ಲ, ಕೆಲಸವೂ ಚೆನ್ನು. ಅದನ್ನು ಕಂಡು ಓಕಾ ಆಸೆಪಟ್ಟದ್ದು ನಿಜ. ಆದರೆ ಅವಳ ಹಳೆಯ ಕಂಪ್ಯೂಟರು ಅದನ್ನು ಹೊತ್ತು ನಾಲ್ಕು ಹೆಜ್ಜೆ ಇಡಲಾರದೆ ಏದುಸಿರು ಬಿಟ್ಟಿತು. ಕೊನೆಗೆ ಸಿಕ್ಕಿದ್ದು ಬಿಟ್ಟಿಯದು, ಪ್ರಪಂಚದ ಯಾವ್ಯಾವುದೋ ಮೂಲೆಯ ಜನ ಬಿಡುವಿದ್ದಾಗ ಕೂತು ಕಟ್ಟಿದ್ದು. ರೂಪವಿಲ್ಲ, ನಾಜೂಕಿಲ್ಲ, ಎಲ್ಲಿ ನೋಡಿದರೂ ಗುಂಡಿಗಳೇ. ಆದರೆ ಭಾಷೆ ಯಾವುದು ಬೇಕೆಂದು ಅದು ಕೇಳಿದಾಗ ಆ ಪಟ್ಟಿಯಲ್ಲಿ ಪ್ಲಾಟ್ ಇತ್ತು. ಶಾಲೆಯಲ್ಲಿ ಆಡಿದರೆ ಮೇಷ್ಟ್ರುಗಳು ಬೆರಳಿಗೆ ಹೊಡೆಯುತ್ತಿದ್ದ, ಬಂದರಿನಲ್ಲೂ ಅಡುಗೆಮನೆಯಲ್ಲೂ ಮಾತ್ರ ಉಳಿದ ನಮ್ಮ ಮನೆಮಾತು. ಯಾರೋ ಪುಣ್ಯಾತ್ಮ ಕೂತು ಒಂದೊಂದು ಗುಂಡಿಗೂ ಅಮ್ಮ ಆಡುತ್ತಿದ್ದ ಮಾತನ್ನು ಅಂಟಿಸಿದ್ದ. ಓಕಾ ಆ ಮಾತುಗಳನ್ನು ಒಂದೊಂದಾಗಿ ಬಾಯಿಬಿಟ್ಟು ಓದಿದಳು.

ಅಷ್ಟಕ್ಕೇ ಮರುಳಾಗಲಿಲ್ಲ. ಹೇಳದೆ ಏನಾದರೂ ಕೀಳುತ್ತದೆಯೇ ಎಂದು ಎಲ್ಲಾ ಗುಂಡಿ ಒತ್ತಿ ಎಣಿಸಿದಳು. ಪ್ರತಿ ಸಲವೂ ನಲವತ್ತಮೂರು. ಸರಿ, ಇದೇ ಎಂದಳು.

ಕಲಿಯಲು ಬೇಸಿಗೆಯೆಲ್ಲ ಹಿಡಿಯಿತು. ಕೆಲಸ ಮುಗಿಸಿ ಬಂದು, ಕೈಯ ಹೊಗೆ ವಾಸನೆ ತೊಳೆದು, ಮಧ್ಯಾಹ್ನ ಕೂತರೆ ಹಾಬೋ ಬೀರು ಹಿಡಿದು ಬೆನ್ನ ಹಿಂದೆ ನಿಲ್ಲುತ್ತಿದ್ದ. ಮೊದಲ ವಾರ ಕಡಲೆಲ್ಲ ಹಸಿರಾಯಿತು.

"ಪಾಲಕ್ ಬೇಯಿಸ್ದಂಗಿದೆ," ಎಂದ ಹಾಬೋ.

"ನಿನ್ನ ಬಾಯಿಗೆ ಗಳ ನೆಡ!"

"ನೆಡೋರೂ ನಾವೇ, ಬಾಯೀನೂ ನಂದೇ."

ಮೂರನೆಯ ವಾರಕ್ಕೆ ಚಿತ್ರ ನೆಟ್ಟಗಾಯಿತು. ಐದನೆಯ ವಾರ ಕಪ್ಪಿಟ್ಟಿದ್ದ ಕೆಸರನ್ನು ಇಷ್ಟಿಷ್ಟೇ ಎತ್ತಿದಳು, ಒಳಗಿಂದ ನೀರಿನ ಸಣ್ಣ ಸಣ್ಣ ಗೆರೆಗಳು, ಹಕ್ಕಿಯ ಹೆಜ್ಜೆಗಳು ಎದ್ದುಬಂದವು. ಮಂಜನ್ನು ಮುಟ್ಟಲಿಲ್ಲ. ಹಾಬೋ ಬೀರು ಕೆಳಗಿಟ್ಟು ಬಹಳ ಹೊತ್ತು ನೋಡಿದ. ಆಮೇಲೆ ಹಿತ್ತಿಲಿಗೆ ಹೋಗಿ, ಒಡೆದ ಹಳೆಯ ದೋಣಿಯೊಂದರ ಓಕ್ ಹಲಗೆ ಸೀಳಿ ಚೌಕಟ್ಟು ಮಾಡತೊಡಗಿದ. ಚೌಕಟ್ಟು ಎಷ್ಟು ಭಾರವಾಯಿತೆಂದರೆ ಓಕಾ ಅದನ್ನು ಎತ್ತುವಾಗ ಎರಡು ಕೈಯೂ ಬೇಕಾಗುತ್ತಿತ್ತು.

ಆಗಸ್ಟಿನಲ್ಲಿ, ಪ್ರದರ್ಶನಕ್ಕೆ ಚಿತ್ರ ಆರಿಸುವ ದಿನ, ಮೇಷ್ಟ್ರ ಮನೆಯಲ್ಲಿ ಟೀ. ನಮ್ಮಲ್ಲಿ ಟೀ ಎಂದರೆ ಬಾಯಾರಿಕೆಯ ಮಾತಲ್ಲ. ಮೊಟ್ಟೆಚಿಪ್ಪಿನಷ್ಟು ತೆಳ್ಳನೆಯ ಪುಟ್ಟ ಕಪ್ಪಿಗೆ ಮೊದಲು ಕಲ್ಲುಸಕ್ಕರೆ, ಮೇಲೆ ಕಾದ ಟೀ, ಸಕ್ಕರೆ ಚಟಪಟ ಸಿಡಿಯಬೇಕು. ಅಂಚಿನಿಂದ ಒಂದು ಹನಿ ಕೆನೆ. ಕದಡುವಂತಿಲ್ಲ. ಹಾಗಾದರೆ ತಟ್ಟೆಯಲ್ಲಿ ಚಮಚ ಏಕೆ? ಸಾಕು ಎನ್ನುವುದಕ್ಕೆ. ಚಮಚವನ್ನು ಕಪ್ಪಿನೊಳಗೆ ಇಡುವ ತನಕ ಮನೆಯೊಡತಿ ಬಗ್ಗಿಸುತ್ತಲೇ ಇರಬೇಕು, ಆಕಾಶ ಬಿದ್ದರೂ ಸರಿ. ಮೂರು ಕಪ್ಪು ಅತಿಥಿಯ ಹಕ್ಕು. ಮೂರಕ್ಕಿಂತ ಮೊದಲು ಚಮಚ ಇಟ್ಟರೆ ಮನೆಯವರ ಮುಖಕ್ಕೆ ಹೊಡೆದಂತೆ.

ಮೇಷ್ಟ್ರ ಹೆಂಡತಿ ಫೋಲ್ಕೆ ಸಿಗಡಿ ದೋಣಿಯವನ ಮಗಳು, ಮಾತು ಕಡಿಮೆ. ಅವಳು ಓಕಾಳಿಗೆ ಮೊದಲ ಕಪ್ಪು ಬಗ್ಗಿಸಿದಳು. ಮೇಷ್ಟ್ರು ಉತ್ಸಾಹದಿಂದ ಲ್ಯಾಪ್‌ಟಾಪನ್ನು ಓಕಾಳ ಕಡೆ ತಿರುಗಿಸಿದರು.

"ನೀನು ಬಾಡಿಗೆ ಕಟ್ಟೋದು ಬೇಡಮ್ಮ. ಕ್ಲಬ್ಬಿಗೆ ಕಳ್ಸಿದ್ದ ನಿನ್ನ ಚಿತ್ರಾನ ನಾನೇ ನಮ್ಮ ಸಾಫ್ಟ್‌ವೇರಿಗೆ ಹಾಕಿ ತಿದ್ದಿದೀನಿ. ನೋಡು ಹೇಗಿದೆ!"

ಮಂಜಿರಲಿಲ್ಲ. ಆಕಾಶ ನೀಲಿಯಾಗಿತ್ತು. ಗಳ ಒಂದೂ ಇರಲಿಲ್ಲ. ಕೆಳಗೆ ಮೂಲೆಯಲ್ಲಿ ಅಂದವಾಗಿ 'ಓಕಾ ರೇಂಟ್ಸ್' ಎಂದಿತ್ತು.

ಓಕಾ ಲ್ಯಾಪ್‌ಟಾಪನ್ನು ಅವರ ಕಡೆಗೇ ತಳ್ಳಿದಳು. "ಇದು ನನ್ನ ಚಿತ್ರ ಅಲ್ಲ."

"ನಿಂದೇ. ಸ್ವಲ್ಪ ಮುಖ ತೊಳ್ಸಿದೀನಿ ಅಷ್ಟೆ."

"ಮುಖ ತೊಳ್ಸಿ ಮೂಗು ಕಿತ್ತಿದೀರಿ. ನನ್ನದು ಚೌಕಟ್ಟು ಹಾಕ್ಸಿ ಆಗಿದೆ. ಅದೇ ತೂಗುಹಾಕಿ."

"ಬಿಟ್ಟಿ ಸಾಮಾನಲ್ಲಿ ತಿದ್ದಿದ್ದು ತಾನೆ? ನಿಯಮ ಅಂದ್ರೆ ನಿಯಮ ಓಕಾ. ಇದಾದ್ರೆ ತೂಗುತ್ತೆ. ಅದು ತೂಗಲ್ಲ." ಮೇಷ್ಟ್ರು ಹಿಡಿದ ಮೊಲಕ್ಕೆ ಎಂದೂ ಮೂರೇ ಕಾಲು.

ಫೋಲ್ಕೆ ಎರಡನೆಯ ಕಪ್ಪಿಗೆ ಕೆಟಲು ಎತ್ತಿದ್ದಳು. ಓಕಾ ತಟ್ಟೆಯಿಂದ ಚಮಚ ತೆಗೆದು, ಮೊದಲ ಕಪ್ಪಿನೊಳಗೇ ಇಟ್ಟಳು. ಕೋಣೆಯಲ್ಲಿದ್ದ ಆರು ಜನರೂ ಆ ಟಣ್ ಎಂಬ ಸದ್ದು ಕೇಳಿದರು. ಕೆಟಲು ಗಾಳಿಯಲ್ಲೇ ನಿಂತಿತು.

"ತಪ್ಪು ತಿಳೀಬೇಡ ಫೋಲ್ಕೆ, ಟೀ ಚೆನ್ನಾಗಿತ್ತು," ಎಂದು ಓಕಾ ಕೋಟು ಹಾಕಿಕೊಂಡು ಹೊರಟಳು. ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಬೇಕರಿಯ ಸಾಲಿನಲ್ಲಿ ಜನ ಓಕಾಳಿಗೆ ದಾರಿ ಬಿಡುವಾಗ ದನಿ ತಗ್ಗಿಸುತ್ತಿದ್ದರು. ಒಂದೇ ಕಪ್ಪಂತೆ. ಮೇಷ್ಟ್ರ ಮನೆಯಲ್ಲಂತೆ.

"ಹೋಗಿ ಕ್ಷಮೆ ಕೇಳ್ತೀಯಾ?" ಎಂದ ಹಾಬೋ.

"ಫೋಲ್ಕೆ ಹತ್ರ ಕೇಳ್ತೀನಿ. ಅವ್ರ ಹತ್ರ ಕೇಳಲ್ಲ."

"ಹಾಗಾದ್ರೆ ಆ ಓಕ್ ಹಲಗೆ ದಂಡ ಆಯ್ತು."

"ಆಗ್ಲಿಲ್ಲ. ಬಲೆಮನೆ ಪಕ್ಕದಲ್ಲೇ ನಿನ್ನ ಗುಡಿಸಲಿದೆ, ಅದಕ್ಕೊಂದು ಬಾಗಿಲಿದೆ. ಬಾಗಿಲಿಗೆ ಯಾವ ನಿಯಮಾನೂ ಇಲ್ಲ."

ಪ್ರದರ್ಶನದ ದಿನ ಓಕಾ ತನ್ನ ಚಿತ್ರವನ್ನು ಹಾಬೋನ ಗಳದ ಗುಡಿಸಲಿನ ಬಾಗಿಲಿಗೆ ತೂಗುಹಾಕಿ, ಪಕ್ಕದಲ್ಲಿ ಮೀನಿನ ಡಬ್ಬ ಬೋರಲು ಹಾಕಿಕೊಂಡು ಕೂತಳು. ಜನ ಬಲೆಮನೆಗೆ ಹೋಗುವಾಗ "ಮೊಯ್ನ್" ಎಂದರು, ಅವಳೂ "ಮೊಯ್ನ್" ಎಂದಳು. ಕೆಲವರು ನಿಂತರು, ಹೆಚ್ಚಿನವರು ಮೇಷ್ಟ್ರು ಕಿಟಕಿಯಿಂದ ನೋಡುತ್ತಿರಬಹುದೆಂದು ನಿಲ್ಲಲಿಲ್ಲ. ಇದು ಓಕಾಳಿಗೆ ನೋವು ಕೊಟ್ಟಿತು. ಗುಡಿಸಲ ಬಾಗಿಲು ಗುಡಿಸಲ ಬಾಗಿಲೇ. ಅವಳಿಗೆ ಬೇಕಿದ್ದದ್ದು ಒಳಗಿನ ಗೋಡೆ.

ಆ ಹೊತ್ತಿಗೆ ಒಳಗಿನಿಂದ ನಗು ಕೇಳಿಸಿತು. ಒಬ್ಬರದಲ್ಲ, ಬಂದರಿನ ಗಂಡಸರು ಗುಂಪಾಗಿ ನಗುವ ನಗು. ಓಕಾಳ ಪಕ್ಕ ಕೂತಿದ್ದ ಹಾಬೋ ಎದ್ದು ಬಲೆಮನೆಯೊಳಗೆ ಹೋದ.

ಬಲೆಮನೆಯ ನಡುಗೋಡೆಯಲ್ಲಿ, ಗಾಜಿನ ಹಿಂದೆ, ಎರಡು ಮೀಟರು ಅಗಲದ ಚಿತ್ರ. ಮೇಷ್ಟ್ರು ಸ್ವತಃ ತೆಗೆದದ್ದು: ಇದೇ ಬಂದರಿನ ದೋಣಿದಾರಿ, ತುಂಬಿದ ನೀರು, ಚಿನ್ನದ ಬೆಳಕು, ದೂರದಲ್ಲಿ ಮನೆಗೆ ಬರುತ್ತಿರುವ ಒಂದು ಸಿಗಡಿ ದೋಣಿ. ಅಡ್ಡ ಒಂದೂ ಇಲ್ಲ, ನೀರು ಕನ್ನಡಿ. ಆ ದೋಣಿಯ ಯಜಮಾನ ಮೆನ್ನೋ ಟೊಪ್ಪಿ ಹಿಂದಕ್ಕೆ ತಳ್ಳಿ ಅದರ ಮುಂದೆ ನಿಂತಿದ್ದ.

"ಚೆನ್ನಾಗಿದೆ ಮೇಷ್ಟ್ರೇ, ಭಾಳ ಚೆನ್ನಾಗಿದೆ," ಎಂದ. "ಆದ್ರೆ ಇದು ನಾನೇ ಅಲ್ವಾ? ಗಳ ಇಲ್ದೆ ಎಲ್ಲಿಗೆ ಹೊರಟಿದೀನಿ ನಾನು?"

"ಕೆಸರಿಗೆ!" ಎಂದ ಹಿಂದಿನಿಂದ ಯಾರೋ.

"ಇನ್ನು ಐದು ನಿಮಿಷಕ್ಕೆ ಹೂತ್ಕೊಂಡು, ನಾಳೆ ಬೆಳಿಗ್ಗೆ ತನಕ ಸೀಗಲ್ ಹಕ್ಕಿಗಳಿಗೆ ಕತೆ ಹೇಳ್ತಾ ಕೂತಿರ್ತೀಯ!"

ಮತ್ತೆ ನಗು. ಮೇಷ್ಟ್ರು ಕೆಂಪಾದರು. "ಇದು ಕಲೆ ಕಣಯ್ಯ ಮೆನ್ನೋ. ನಕ್ಷೆ ಅಲ್ಲ."

ಹಾಬೋ ನಗಲಿಲ್ಲ. ಗುರುತಿಲ್ಲದ ದಾರಿಯಲ್ಲಿ ದೋಣಿ ಬರುತ್ತಿರುವುದನ್ನು ಅವನಿಂದ ನೋಡಲಾಗಲಿಲ್ಲ. ಗಳ ಅಳೆಯಲು ಗುರುತು ಹಾಕುವ ಮೇಣದ ಪೆನ್ಸಿಲು ಅವನ ಜೇಬಿನಲ್ಲಿ ಸದಾ ಇರುತ್ತದೆ. ತೆಗೆದ. ಯಾರೂ ಏನೂ ಅನ್ನುವ ಮೊದಲೇ ಗಾಜಿನ ಮೇಲೆ ಒಂದು ಗೀರು, ಮೇಲೆ ಮೂರು ರೆಂಬೆ. ಅದರ ಪಕ್ಕ ಇನ್ನೊಂದು.

"ಹಾಬೋ, ಏನಪ್ಪಾ ಇದು!" ಎಂದರು ಮೇಷ್ಟ್ರು.

"ಮೆನ್ನೋ ಮನೆಗೆ ಬರ್ಬೇಕಲ್ಲ ಮೇಷ್ಟ್ರೇ."

ಹನ್ನೆರಡು ಗಳ ನೆಟ್ಟ ಮೇಲೆ ಅವನ ಕೈ ನಿಂತಿತು. ದಾರಿ ಬಳುಕುವ ಜಾಗ. ಕೆಸರು ನೀರಿನಡಿ ಮುಳುಗಿ, ಸಾಫ್ಟ್‌ವೇರ್ ಸುಳಿಗಳನ್ನೆಲ್ಲ ಒರೆಸಿ ಹಾಕಿದ್ದ ಆ ಕನ್ನಡಿಯಲ್ಲಿ ತಿರುವು ಎಲ್ಲಿಂದ ಎಂದು ಅವನಿಗೂ ಹೊಳೆಯಲಿಲ್ಲ. ಬಾಗಿಲ ಕಡೆ ತಿರುಗಿ ಕೂಗಿದ, "ಓಕಾ! ನಿನ್ನದು ತಗೊಂಡು ಬಾರೆ! ಹದಿಮೂರನೇದು ಎಲ್ಲಿ ಬರುತ್ತೆ ನೋಡ್ಬೇಕು!"

ಓಕಾ ಓಕ್ ಚೌಕಟ್ಟನ್ನು ಎರಡು ತೋಳಿನಲ್ಲಿ ಅವುಚಿ ಒಳಗೆ ಬಂದಳು. ಜನ ದಾರಿ ಬಿಟ್ಟರು. ಮೇಷ್ಟ್ರ ಚಿತ್ರದ ಪಕ್ಕದಲ್ಲಿ, ಬರಿಗೋಡೆಗೆ ಬೆನ್ನು ಕೊಟ್ಟು, ಎದೆಯೆತ್ತರಕ್ಕೆ ಎತ್ತಿ ಹಿಡಿದಳು. ಹಾಬೋ ನೋಡಿ ನೋಡಿ ಗಾಜಿನ ಮೇಲೆ ನೆಡತೊಡಗಿದ. ಹದಿಮೂರು, ಹದಿನಾಲ್ಕು. ಅವನ ಜೊತೆ ಮೆನ್ನೋ ಎಣಿಸಿದ, ಮೆನ್ನೋನ ಜೊತೆ ಉಳಿದವರು. ನಲವತ್ತಮೂರಕ್ಕೆ ಹಾಬೋ ಪೆನ್ಸಿಲು ಜೇಬಿಗಿಟ್ಟು ಬೆನ್ನು ಹಿಡಿದುಕೊಂಡ. ಈಗ ಎಲ್ಲರ ಕಣ್ಣು ಓಕಾಳ ಕೈಯಲ್ಲಿದ್ದ ಚಿತ್ರದ ಮೇಲೆ ಬಿತ್ತು. ನಗು ತಾನಾಗಿ ನಿಂತಿತು. ಮೆನ್ನೋ ಟೊಪ್ಪಿ ತೆಗೆದ.

"ಮಂಜಿನ ದಿನ ಹಿಂಗೇ ಕಾಣೋದು," ಎಂದ. "ಹೀಗೇ, ಒಂದು ಸಿಕ್ರೆ ಮುಂದಿನದು ಸಿಗುತ್ತೆ."

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಆಯ್ತು, ನೋಡಿದ್ದಾಯ್ತು. ಇನ್ನು ಹೊರಗೆ ತಗೊಂಡು ಹೋಗು ಓಕಾ. ನಿಯಮದ ಪ್ರಕಾರ ಇದನ್ನ ಇಲ್ಲಿ ತೂಗುಹಾಕೋ ಹಾಗಿಲ್ಲ."

"ತೂಗುಹಾಕಿಲ್ಲ ಮೇಷ್ಟ್ರೇ," ಎಂದಳು ಓಕಾ. "ಹಿಡ್ಕೊಂಡಿದೀನಿ."

"ಎಷ್ಟು ಹೊತ್ತು ಹಿಡ್ಕೊಂಡಿರ್ತೀಯ?"

"ಪ್ರದರ್ಶನ ಎಷ್ಟು ಹೊತ್ತಿದೆ?"

"ಭಾನುವಾರದ ತನಕ," ಎಂದ ಮೆನ್ನೋ ಸಹಾಯಕ್ಕೆ.

"ಹಾಗಾದ್ರೆ ಭಾನುವಾರದ ತನಕ."

ಅವಳು ಕಡ್ಡಿ ಮುರಿದ ಹಾಗೆ ಹೇಳಿದ್ದಳು, ತಮಾಷೆಗಲ್ಲ. ತೋಳು ಆಗಲೇ ನೋಯುತ್ತಿತ್ತು. ಮೂವತ್ತೊಂದು ಮಾರ್ಚಿ ಹಸಿ ಗಳ ಹೊತ್ತ ತೋಳು, ನೋಯಲಿ ಎಂದುಕೊಂಡಳು. ಕಾಲು ಗಂಟೆ ಹಾಗೇ ನಿಂತಳು. ಯಾರೂ ಬೇರೆ ಚಿತ್ರ ನೋಡಲು ಹೋಗಲಿಲ್ಲ.

ಆಗ ಫೋಲ್ಕೆ ಬಂದಳು, ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಕೆಟಲು, ಕಲ್ಲುಸಕ್ಕರೆ, ಕೆನೆ, ಒಂದೇ ಒಂದು ಕಪ್ಪು, ಅದರ ಪಕ್ಕ ಚಮಚ.

"ನಮ್ಮನೇಲಿ ನೀನು ಒಂದೇ ಕಪ್ಪು ಕುಡಿದಿದ್ದು ಓಕಾ," ಎಂದಳು. "ನಿನ್ನ ಎರಡು ಬಾಕಿ ಇದೆ."

"ಕೈ ಖಾಲಿ ಇಲ್ವಲ್ಲೇ ಫೋಲ್ಕೆ."

ಫೋಲ್ಕೆ ಗಂಡನ ಕಡೆ ತಿರುಗಿದಳು. "ಹಿಡ್ಕೊಳ್ಳಿ."

"ಯಾರು, ನಾನಾ?"

"ನಮ್ಮನೆ ಟೀ, ನಮ್ಮನೆ ಅತಿಥಿ. ಅವಳು ಏನ್ ಬಾಯಲ್ಲಿ ಚೌಕಟ್ಟು ಕಚ್ಕೊಂಡು ಕುಡೀಬೇಕಾ? ಹಿಡ್ಕೊಳ್ಳಿ ಅಂದ್ರೆ!"

ನಲವತ್ತು ವರ್ಷದ ಸಂಸಾರದಲ್ಲಿ ಫೋಲ್ಕೆ ಆ ದನಿ ಎಷ್ಟು ಸಲ ಎತ್ತಿದ್ದಳೋ ಗೊತ್ತಿಲ್ಲ, ಮೇಷ್ಟ್ರು ಹಿಡಿದುಕೊಂಡರು. ಓಕ್ ಹಲಗೆಯ ಭಾರಕ್ಕೆ ಮೊಣಕಾಲು ಒಂದಿಷ್ಟು ಬಾಗಿತು. ಓಕಾ ಬೆಂಚಿನ ಮೇಲೆ ಕೂತಳು. ಸಕ್ಕರೆ ಚಟಪಟ ಎಂದಿತು. ನಿಧಾನಕ್ಕೆ, ಊದಿ ಊದಿ ಕುಡಿದು ತಟ್ಟೆಗಿಟ್ಟಳು. ಫೋಲ್ಕೆ ಬಗ್ಗಿಸಿದಳು. ಅದನ್ನೂ ಕುಡಿದಳು.

"ಎರಡಾಯ್ತು," ಎಂದರು ಮೇಷ್ಟ್ರು ಚೌಕಟ್ಟಿನ ಹಿಂದಿನಿಂದ.

ಓಕಾ ಚಮಚದ ಕಡೆ ನೋಡಿದಳು. ಚಮಚ ತಟ್ಟೆಯಲ್ಲೇ ಇತ್ತು. ಫೋಲ್ಕೆ ಮತ್ತೆ ಬಗ್ಗಿಸಿದಳು, ಅವಳು ಬಗ್ಗಿಸಲೇಬೇಕು, ಬೇರೆ ದಾರಿಯಿಲ್ಲ. ಜನಕ್ಕೆ ಈಗ ಅರ್ಥವಾಯಿತು. ಹಾಬೋ ಓಡಿಹೋಗಿ ಇನ್ನೊಂದು ಕೆಟಲು ನೀರು ಕಾಯಲಿಟ್ಟು ಬಂದ. ಐದನೆಯ ಕಪ್ಪಿಗೆ ಮೇಷ್ಟ್ರ ತೋಳು ನಡುಗತೊಡಗಿತು. ಮುಂದೆ ಬಂದ ಜನ ಒಬ್ಬೊಬ್ಬರಾಗಿ ಬಗ್ಗಿ, ಅವರ ಗದ್ದದ ಕೆಳಗೆ ಬೆರಳಿಟ್ಟು, ಗಳ ಎಣಿಸಿ ಹೋಗುತ್ತಿದ್ದರು. ಕೆಳಗಿಡುವ ಹಾಗಿಲ್ಲ, ಅತಿಥಿಯ ಟೀ ಮುಗಿದಿಲ್ಲ. ಎತ್ತಿ ಗೋಡೆಗೆ ಹಾಕುವ ಹಾಗಿಲ್ಲ, ತಾವೇ ಬರೆದ ನಿಯಮ.

ಓಕಾ ಏಳನೆಯ ಕಪ್ಪು ಮುಗಿಸಿ, ತುಟಿ ಒರೆಸಿಕೊಂಡು, ಕಪ್ಪನ್ನು ಫೋಲ್ಕೆಯ ಕಡೆ ಚಾಚಿದಳು.

"ಮೊಳೆ!" ಎಂದು ಕೂಗಿದರು ಮೇಷ್ಟ್ರು. "ಯಾರಾದ್ರೂ ಒಂದು ಮೊಳೆ ತರ್ರೋ!"

ಹಾಬೋನ ಜೇಬಿನಲ್ಲಿ ಮೊಳೆಯೂ ಇತ್ತು. ನಡುಗೋಡೆಯಲ್ಲಿ, ಮೇಷ್ಟ್ರ ಚಿತ್ರಕ್ಕೆ ಸರಿಯೆತ್ತರದಲ್ಲಿ, ನಾಲ್ಕು ಏಟಿಗೆ ಹೊಡೆದ. ಮೇಷ್ಟ್ರೇ ಚೌಕಟ್ಟನ್ನು ಎತ್ತಿ ಮೊಳೆಗೆ ಹಾಕಿದರು. ಚಿತ್ರ ನೆಟ್ಟಗೆ ಕೂತಿತೇ ಎಂದು ಓಕಾ ತಲೆ ವಾಲಿಸಿ ನೋಡಿದಳು. ಆಮೇಲೆ ಚಮಚ ತೆಗೆದು ಕಪ್ಪಿನೊಳಗೆ ಇಟ್ಟಳು.